ಮೂರನೆಯ ಪ್ರತಿ ಇನ್ನೊಂದು ಸೂರಿನ ಕೆಳಗೆ

ಫೋಟೋ ತೆಗೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಎಂದು ಅವನು ಅಂದಾಗಲೆಲ್ಲ ಕನ್ನಡಕದ ಅಂಗಡಿಯವರು ನಗುತ್ತಿದ್ದರು. "ಗಂಡನ ಬಗ್ಗೆ ನಮ್ಮಮ್ಮನೂ ಇದೇ ಮಾತು ಹೇಳಿದ್ದು. ಕಟ್ಟಿಕೊಳ್ಳೋದು ಸುಲಭ, ಉಳಿಸ್ಕೊಳ್ಳೋದು ಕಷ್ಟ ಅಂತ," ಎಂದು ಕೌಂಟರಿನಲ್ಲಿ ಕೂರುವಾಕೆ ಒಮ್ಮೆ ಅಂದಿದ್ದಳು. ಅವನು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸು ತಿಕ್ಕಿ ಫ್ರೇಮಿಗೆ ಕೂರಿಸುವವನು. ದಿನವಿಡೀ ಬೇರೆಯವರ ಕಣ್ಣಿನ ಕೆಲಸ. ರಜೆಯ ದಿನ ಮಾತ್ರ ತನ್ನ ಕಣ್ಣಿನದು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರ ಕಾಲ ಕೂಡ ಮುಗಿದುಹೋಗಿತ್ತು.

ಅಂಗಡಿಯಲ್ಲಿ ಅವನಿಗೆ ಮೂರ್ಪ್ರತಿ ಎಂದು ಹೆಸರು. ಯಾವ ಫೋಟೋ ಆದರೂ ಮೂರು ಪ್ರತಿ ಇರಬೇಕು ಎಂಬುದು ಅವನ ಕಟ್ಟಳೆ. ಒಂದು ಕಂಪ್ಯೂಟರಿನಲ್ಲಿ. ಎರಡನೆಯದು ಬಟ್ಟೆಯ ಕಪಾಟಿನೊಳಗಿನ ಡಿಸ್ಕಿನಲ್ಲಿ. ಮೂರನೆಯದು ಇನ್ನೊಂದು ಸೂರಿನ ಕೆಳಗೆ. ಮನೆಗೆ ಬೆಂಕಿ ಬೀಳಬಹುದು, ಮೇಲಿನ ಮನೆಯವರ ಪೈಪು ಒಡೆಯಬಹುದು, ಕಳ್ಳ ಬಂದು ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗಬಹುದು. ಆಗ ಮೂರನೆಯದು ಬೇರೆಲ್ಲೋ ಬೆಚ್ಚಗೆ ಕೂತಿರಬೇಕು. ಇಂಟರ್‌ನೆಟ್ಟಿಗೆ ಏರಿಸಿಬಿಡಿ, ಆಯಿತಲ್ಲ ಎಂದರೆ ಅವನು ತಲೆಯಾಡಿಸುತ್ತಿದ್ದ. ಮುಖ ಕಾಣದವರ ಮನೆಯಲ್ಲಿ ಸಾಮಾನು ಇಡುವವರುಂಟೆ?

ಕಟ್ಟಳೆಯೇನೋ ಸರಿ, ಆದರೆ ಇನ್ನೊಂದು ಸೂರು ಎಲ್ಲಿಂದ ತರುವುದು? ಅಪ್ಪ ಅಮ್ಮ ಇರಲಿಲ್ಲ. ಅಕ್ಕನ ಮನೆಗೆ ಒಂದು ರಾತ್ರಿ ಒಂದು ಹಗಲು ರೈಲು. ಪಕ್ಕದ ಮನೆಯವರು ಎದುರು ಸಿಕ್ಕರೆ ಫೋನು ನೋಡಿಕೊಂಡು ಮೆಟ್ಟಿಲಿಳಿಯುವ ಜಾತಿ. ಹೀಗೆ ಲೆಕ್ಕ ಹಾಕುತ್ತಾ ಹೋದಾಗ ಕೊನೆಗೆ ಉಳಿದವನು ಒಬ್ಬನೇ, ಗಡಿಬಿಡಿ.

ಗಡಿಬಿಡಿ ಕಾರು ಕಲಿಸುವವನು. ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಸಿಕ್ಕಿದ ಗುರುತು, ಭಾನುವಾರ ಬೆಳಗಿನ ತಿರುಗಾಟಕ್ಕೆ ಜೊತೆಯಾಯಿತು. ಅವನ ಬಲಗಾಲು ಸುಮ್ಮನಿದ್ದದ್ದೇ ಇಲ್ಲ. ಸೋಫಾದ ಮೇಲೆ ಕೂತಿದ್ದರೂ, ಯಾರಾದರೂ ಅವಸರದ ಮಾತಾಡಿದರೆ ನೆಲದ ಮೇಲೆ ಇಲ್ಲದ ಬ್ರೇಕು ಒತ್ತುತ್ತಿದ್ದ. ಫೋಟೋ ತೆಗೆಯುವುದರಲ್ಲಿ ಇಬ್ಬರೂ ಎಣ್ಣೆ ಸೀಗೆಕಾಯಿ. ಮೂರ್ಪ್ರತಿಗೆ ಖಾಲಿ ಜಾಗಗಳೇ ಇಷ್ಟ: ಮೆಟ್ಟಿಲುಗಳು, ಬೆಂಚುಗಳು, ಆಸ್ಪತ್ರೆಯ ಪಡಸಾಲೆಗಳು, ಶಟರು ಎಳೆದ ಅಂಗಡಿಯ ಮುಂದಿನ ಸ್ಟೂಲು. ಓಡಾಡುವವರೆಲ್ಲ ಓಡಾಡಿ ಮುಗಿದು ಚೌಕಟ್ಟು ಖಾಲಿಯಾಗುವವರೆಗೆ ಕ್ಯಾಮೆರಾ ಹಿಡಿದು ಕಾಯುವುದೇ ಅವನ ವಿದ್ಯೆ. ಇನ್ನೇನು ಖಾಲಿಯಾಯಿತು ಅನ್ನುವಷ್ಟರಲ್ಲಿ ಗಡಿಬಿಡಿ ಅಡ್ಡ ಬಂದು ನಿಲ್ಲುತ್ತಿದ್ದ.

"ಏನ್ ಕಾಯ್ತಿದೀಯೋ? ಬಸ್ಸಾ?"

"ನೀನು ಆಚೆ ಹೋಗೋದನ್ನ."

ಮೂರನೆಯ ಪ್ರತಿಯ ಒಪ್ಪಂದ ಆದದ್ದು ಗಡಿಬಿಡಿಯ ಮನೆಯ ಮುಂದಿನ ಮೆಟ್ಟಿಲ ಮೇಲೆ. ಒಂದೇ ಥರದ ಎರಡು ಕಪ್ಪು ಡಿಸ್ಕು ಕೊಂಡರು. ಗಡಿಬಿಡಿಗೆ ಇಂಥದ್ದರಲ್ಲಿ ತಾಳ್ಮೆ ಇಲ್ಲವಾದ್ದರಿಂದ ಎರಡನ್ನೂ ಮೂರ್ಪ್ರತಿಯೇ ಸಜ್ಜು ಮಾಡಿ, ಎರಡಕ್ಕೂ 'ಮೂರನೇ ಪ್ರತಿ' ಎಂದೇ ಹೆಸರಿಟ್ಟ. ಅವನದು ಇವನ ಮನೆಯಲ್ಲಿ, ಇವನದು ಅವನ ಮನೆಯಲ್ಲಿ. ತಿಂಗಳ ಮೊದಲ ಭಾನುವಾರ ತಂತಮ್ಮದನ್ನು ಬಿಡಿಸಿಕೊಂಡು ಹೋಗುವುದು, ಹೊಸ ಫೋಟೋ ತುಂಬುವುದು, ಮರು ಭಾನುವಾರ ತಂದು ಒಪ್ಪಿಸುವುದು. ಒಬ್ಬರ ಡಿಸ್ಕನ್ನು ಇನ್ನೊಬ್ಬರು ತೆರೆದು ನೋಡುವ ಹಾಗಿಲ್ಲ. "ಮುಚ್ಚಿದ ಡಬ್ಬಿ ಮುಚ್ಚಿದ ಹಾಗೇ," ಎಂದು ಗಡಿಬಿಡಿ ಎದೆ ಮುಟ್ಟಿ ಹೇಳಿದ. ಮೂರ್ಪ್ರತಿ ತನ್ನ ಡಿಸ್ಕನ್ನು ನೀಲಿ ಟವೆಲ್ಲಿನಲ್ಲಿ ಸುತ್ತಿ ಜೋಡಿಗಂಟು ಹಾಕಿ ಕೊಡುತ್ತಿದ್ದ. ಗಡಿಬಿಡಿ ಸಿಕ್ಕಿದ ಕೈಚೀಲದಲ್ಲಿ ತುರುಕಿಕೊಂಡು ಬರುತ್ತಿದ್ದ. ಡಿಸ್ಕಿನ ನೆಪದಲ್ಲಿ ಒಂದು ಲೋಟ ಕಾಫಿ, ಕಾಫಿಯ ನೆಪದಲ್ಲಿ ಮಧ್ಯಾಹ್ನದವರೆಗೆ ಮಾತು. ಗಡಿಬಿಡಿಯ ಹೆಂಡತಿಯನ್ನು ಅವನು ಅತ್ತಿಗೆ ಎಂದು ಕರೆಯತೊಡಗಿದ. ಹಾಗೆ ಕರೆಯಲು ಅವನಿಗೆ ಬೇರೆ ಯಾರೂ ಇರಲಿಲ್ಲ.

ಹೀಗೆ ವರ್ಷಗಟ್ಟಲೆ ನಡೆಯಿತು. ನಿಂತದ್ದು ಒಂದು ಮಾತಿನಿಂದ.

ಅವತ್ತು ಗಡಿಬಿಡಿಯ ಮನೆಯ ಟೀವಿಯಲ್ಲಿ ಮೂರ್ಪ್ರತಿ ತನ್ನ ಹೊಸ ಫೋಟೋಗಳನ್ನು ತೋರಿಸುತ್ತಿದ್ದ. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಾ ನೋಡುತ್ತಿದ್ದರು. "ಎಲ್ಲ ಚೆನ್ನಾಗೇ ಇದೆ. ಆದ್ರೆ ಇದೇನು, ಜನ ಎಲ್ಲ ಎದ್ದು ಹೋದ ಮೇಲೆ ತೆಗೆದ ಹಾಗಿದೆಯಲ್ಲ?" ಎಂದರು.

"ಎದ್ದು ಹೋದ ಮೇಲಲ್ಲ ಕಣೇ," ಎಂದ ಗಡಿಬಿಡಿ. "ಇವನು ಬಂದ ಅಂತಲೇ ಎದ್ದು ಹೋಗಿರೋದು!"

ಮೂವರೂ ನಕ್ಕರು. ಮೂರ್ಪ್ರತಿಯೇ ಎಲ್ಲರಿಗಿಂತ ಹೆಚ್ಚು ನಕ್ಕ. ಕಾಫಿ ಕುಡಿದ, ಲೋಟ ತೊಳೆದಿಟ್ಟ, ಚಪ್ಪಲಿ ಹಾಕಿಕೊಂಡ. ಮನೆ ಸೇರುವಷ್ಟರಲ್ಲಿ ಆ ಮಾತು ಒಳಗೆಲ್ಲೋ ಮುಳ್ಳಿನ ತುದಿಯ ಹಾಗೆ ಮುರಿದು ಕೂತಿತ್ತು. ಮುಂದಿನ ತಿಂಗಳು ನೆಗಡಿ ಎಂದ. ಅದರ ಮುಂದಿನ ತಿಂಗಳು ಅಂಗಡಿಯಲ್ಲಿ ಕೆಲಸ ಎಂದ. ಆಮೇಲೆ ಏನೂ ಅನ್ನಲಿಲ್ಲ, ಆ ಕಡೆಯಿಂದ ಕೇಳಲೂ ಇಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ನಕ್ಕು ಎದ್ದು ಬಂದದ್ದಕ್ಕೆ ಯಾವ ರಾಜಿ? ಎರಡು ವರ್ಷ ಸರಿದುಹೋಯಿತು. ಇವನ ಡಿಸ್ಕು ಅಲ್ಲೇ ಉಳಿಯಿತು, ಅವನದು ಇಲ್ಲಿ.

ಆದರೆ ಮಾತು ಬಿಟ್ಟರೂ ಮೂರ್ಪ್ರತಿ ಕಟ್ಟಳೆ ಬಿಡಲಿಲ್ಲ. ಡಿಸ್ಕು ಕೂತಲ್ಲೇ ಕೂತರೆ ಹಿಡಿದುಕೊಂಡುಬಿಡುತ್ತದೆ, ಮುದುಕರ ಮೊಣಕಾಲಿನ ಹಾಗೆ. ಆಗಾಗ ಓಡಿಸಬೇಕು. ತಿಂಗಳಿಗೊಮ್ಮೆ ರಜೆಯ ದಿನ ಗಡಿಬಿಡಿಯ ಡಿಸ್ಕನ್ನು ತೆಗೆದು, ಧೂಳೊರೆಸಿ, ತನ್ನ ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದ. ಒಳಗಿನ ತಟ್ಟೆ ಗುಂಯ್ ಎಂದು ತಿರುಗಲು ಶುರು ಮಾಡುತ್ತಿತ್ತು. ತೆರೆದು ನೋಡುತ್ತಿರಲಿಲ್ಲ. ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದ. ಅಂಗೈಗೆ ಸಣ್ಣ ನಡುಕ ತಾಗುತ್ತಿತ್ತು. ಒಳಗಿರುವುದು ಏನೆಂದು ಅವನಿಗೆ ಅಂದಾಜಿತ್ತು: ಗಡಿಬಿಡಿಯ ಮಗಳು ಹಲ್ಲು ಬೀಳಿಸಿಕೊಂಡದ್ದು, ಸೈಕಲ್ಲಿನಿಂದ ಬಿದ್ದದ್ದು, ಮದುವೆಯಾಗಿ ಹೋದದ್ದು, ಮಧ್ಯೆ ನೂರಾರು ಅವಸರದ, ಅಲ್ಲಾಡಿದ, ಯಾರದೋ ತಲೆ ಅರ್ಧ ಕತ್ತರಿಸಿದ ಚಿತ್ರಗಳು. ಬೇರೆ ಮನೆಯ ಸಂಸಾರವೊಂದು ತನ್ನ ಕೈಯಡಿ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಆಮೇಲೆ ಕೇಬಲ್ಲು ಬಿಡಿಸಿ ಕಪಾಟಿನಲ್ಲಿಡುತ್ತಿದ್ದ. ನನ್ನದನ್ನೂ ಅವನು ಹೀಗೆ ಓಡಿಸುತ್ತಿರಬಹುದೇ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದ. ಉತ್ತರಕ್ಕೆ ಕಾಯುತ್ತಿರಲಿಲ್ಲ.

ಅನಾಹುತ ಆದದ್ದು ಇಂಥದೇ ಒಂದು ಬೆಳಗ್ಗೆ.

ಪ್ರತಿ ತೆಗೆಯಲು ಅವನು ಬಳಸುತ್ತಿದ್ದ ಪ್ರೋಗ್ರಾಂ ಆ ವಾರ ಹೊಸತಾಗಿತ್ತು. ಅದರಲ್ಲೊಂದು ಅನುಕೂಲ: ಡಿಸ್ಕು ಸಿಕ್ಕಿಸಿದರೆ ಸಾಕು, ಹಿಂದೆ ಬಳಸಿದ್ದರ ಹೆಸರು ಗುರುತು ಹಿಡಿದು ತಾನಾಗಿ ಕೆಲಸ ಶುರು ಮಾಡುತ್ತದೆ. ಕಂಪ್ಯೂಟರಿನಲ್ಲಿರುವುದು ಡಿಸ್ಕಿನಲ್ಲಿ ಇಲ್ಲದಿದ್ದರೆ ತುಂಬುತ್ತದೆ. ಕಂಪ್ಯೂಟರಿನಲ್ಲಿ ಇಲ್ಲದ್ದು ಡಿಸ್ಕಿನಲ್ಲಿದ್ದರೆ ಅಳಿಸುತ್ತದೆ. ಕನ್ನಡಿಯ ಹಾಗೆ, ಇದು ಹೇಗೋ ಅದು ಹಾಗೆ. ಅವನು ಆ ಅನುಕೂಲವನ್ನು ಖುಷಿಯಿಂದ ಆರಿಸಿಕೊಂಡಿದ್ದ.

ಗಡಿಬಿಡಿಯ ಡಿಸ್ಕು ಸಿಕ್ಕಿಸಿ, ಕಾಫಿಗೆ ನೀರಿಡಲು ಒಳಗೆ ಹೋದ. ವಾಪಸು ಬಂದಾಗ ಪರದೆಯ ಮೇಲೆ ಹಸಿರು ಪಟ್ಟಿಯೊಂದು ನಿಧಾನ ತುಂಬಿಕೊಳ್ಳುತ್ತಿತ್ತು. 'ಮೂರನೇ ಪ್ರತಿ ಸಿಕ್ಕಿದೆ. ಅಳಿಸುವ ಹಂತ ಮುಗಿದಿದೆ. ತುಂಬಲಾಗುತ್ತಿದೆ.'

ಎರಡಕ್ಕೂ ಒಂದೇ ಹೆಸರಿಟ್ಟಿದ್ದು ಆಗ ನೆನಪಾಯಿತು. ಕೇಬಲ್ಲನ್ನು ಕಿತ್ತೆಸೆದ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಒಳಗಡೆ ನೀರು ಕುದಿದು ಕುದಿದು ಇಂಗಿತು.

ಒಪ್ಪಂದ ಮುರಿಯದೆ ಬೇರೆ ದಾರಿ ಇರಲಿಲ್ಲ. ಪ್ರೋಗ್ರಾಂ ಮುಚ್ಚಿ, ಮತ್ತೆ ಸಿಕ್ಕಿಸಿ, ಮೊದಲ ಬಾರಿಗೆ ಆ ಡಿಸ್ಕನ್ನು ತೆರೆದ. ಒಳಗೆ ಅವನದೇ ಮೆಟ್ಟಿಲುಗಳು. ಅವನದೇ ಬೆಂಚುಗಳು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಂ ಒಂದನ್ನು ತಂದು ಓಡಿಸಿದ. ಅದು ಮಧ್ಯಾಹ್ನದವರೆಗೆ ಅಗೆದು ಅಗೆದು ಎತ್ತಿದ್ದು ಮತ್ತಷ್ಟು ಮೆಟ್ಟಿಲುಗಳನ್ನೇ. ಗಡಿಬಿಡಿಯ ಮಗಳ ಒಂದು ಹಲ್ಲೂ ಸಿಗಲಿಲ್ಲ.

ಗಡಿಬಿಡಿಯ ಹತ್ತಿರ ಬೇರೆ ಪ್ರತಿ ಇರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಗಡಿಬಿಡಿಯ ಲ್ಯಾಪ್‌ಟಾಪು ಎರಡು ಸಲ ನೆಲಕ್ಕೆ ಬಿದ್ದು ಸತ್ತದ್ದು ಅವನಿಗೆ ಗೊತ್ತಿತ್ತು. ಮೂರು ಪ್ರತಿಯ ಮಾತು ಹಾಗಿರಲಿ, ಮನೆಯ ಬೀಗದ ಕೈ ಕೂಡ ಅವನ ಬಳಿ ಒಂದೇ ಇತ್ತು.

ಮಾರನೆಯ ದಿನ ಅಂಗಡಿಯಲ್ಲಿ ಒಂದು ಲೆನ್ಸಿನ ಅಂಚು ಒಡೆದ. ಕೌಂಟರಿನಾಕೆ ಒಳಗೆ ಬಂದಳು. "ಏನ್ರೀ ಮೂರ್ಪ್ರತಿ, ಮುಖ ಯಾಕೆ ಹಂಗೆ ಮಾಡ್ಕೊಂಡಿದೀರಿ?"

ಅವನು ಹೇಳಿದ. ಹೇಳದೆ ಇರಲಾಗಲಿಲ್ಲ.

"ಅಂದ್ರೆ ಕಾಯೋಕೆ ಕೊಟ್ಟಿದ್ದನ್ನ ಕಾಯ್ತಾ ಕಾಯ್ತಾ ನೀವೇ ನುಂಗಿದ್ರಿ. ಬೇಲಿನೇ ಎದ್ದು ಹೊಲ ಮೇಯ್ತು ಅನ್ನಿ!"

"ಮೇಯೋಕೆ ಅಂತ ಮೇಯ್ಲಿಲ್ಲ."

"ಬೇಲಿ ಯಾವತ್ತೂ ಹಂಗೇ ಅನ್ನೋದು." ಅವಳು ನಕ್ಕಳು, ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಅಲ್ಲ, ಅವರು ಎರಡು ವರ್ಷದಿಂದ ಕೇಳಿಲ್ಲ ತಾನೇ? ಸುಮ್ಮನಿದ್ಬಿಡಿ. ಕೇಳಿದ್ರೆ ಡಿಸ್ಕು ತಾನಾಗೇ ಕೆಟ್ಟೋಯ್ತು ಅನ್ನಿ. ಅದೇನು ಬಾಯಿ ಬಿಟ್ಟು ಸಾಕ್ಷಿ ಹೇಳುತ್ತಾ?"

ಬುದ್ಧಿಯ ಮಾತೇ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಸುಮ್ಮನಿದ್ದರೆ ಇನ್ನು ಆ ಮನೆಯ ಬಾಗಿಲು ಯಾವತ್ತೂ ಬಡಿಯುವ ಹಾಗಿರಲಿಲ್ಲ. ಹೇಳಿದರೂ ಬಹುಶಃ ಅದೇ ಕೊನೆಯ ಸಲವಾಗುತ್ತಿತ್ತು. ಆದರೆ ಹೇಳಲಿಕ್ಕಾದರೂ ಒಮ್ಮೆ ಹೋಗಬಹುದಿತ್ತು. ಅವನು ಹೋದ.

ಬಾಗಿಲು ತೆಗೆದದ್ದು ಅತ್ತಿಗೆ. "ಅಯ್ಯೋ! ರೀ, ಯಾರು ಬಂದಿದಾರೆ ನೋಡಿ. ದಾರಿ ತಪ್ಪಿ ಬಂದ್ರಾ ಹೇಗೆ?"

ಗಡಿಬಿಡಿ ಬನಿಯನ್ನಿನಲ್ಲೇ ಹೊರಗೆ ಬಂದ. ಕೂದಲು ಬೆಳ್ಳಗಾಗಿತ್ತು. "ದಪ್ಪ ಆಗಿದೀಯ," ಎಂದ ಗಡಿಬಿಡಿ. ಅದು ಸುಳ್ಳು.

ಮೂರ್ಪ್ರತಿ ಕೂರಲೂ ಇಲ್ಲ. ಡಿಸ್ಕನ್ನು ಮೇಜಿನ ಮೇಲಿಟ್ಟ. "ನಿನ್ನದನ್ನ ಹಾಳು ಮಾಡ್ಬಿಟ್ಟೆ ಕಣೋ. ಒಂದೂ ಉಳಿದಿಲ್ಲ." ನಿಂತೇ ಎಲ್ಲವನ್ನೂ ಹೇಳಿದ: ತಿಂಗಳಿಗೊಮ್ಮೆ ಓಡಿಸುತ್ತಿದ್ದದ್ದು, ಹೊಸ ಪ್ರೋಗ್ರಾಂ, ಒಂದೇ ಹೆಸರು, ಕಾಫಿಯ ನೀರು. ಹೇಳುತ್ತಾ ಹೋದಂತೆ ಗಡಿಬಿಡಿಯ ಬಲಗಾಲು ನೆಲವನ್ನು ಒತ್ತುತ್ತಾ ಒತ್ತುತ್ತಾ ಹೋಯಿತು.

"ಬೇರೆ ಪ್ರತಿ ಇದೆ ತಾನೇ?" ಎಂದು ಕೊನೆಗೆ ಕೇಳಿದ. "ಮಗಳದ್ದು, ಚಿಕ್ಕವಳಿದ್ದಾಗಿನದ್ದು?"

ಗಡಿಬಿಡಿ ಹೆಂಡತಿಯ ಮುಖ ನೋಡಿದ. ಅವರು ಅಡುಗೆಮನೆಗೆ ಹೋದರು. "ಹೇಳ್ಬಿಡಿ ಅವರಿಗೆ," ಎಂಬ ಮಾತು ಒಳಗಿನಿಂದ ಬಂತು. "ಪಾಪ, ಬೆವರ್ತಾ ನಿಂತಿದಾರೆ."

"ಅದ್ರಲ್ಲಿ ಏನೂ ಇರ್ಲಿಲ್ಲ ಕಣೋ."

"ಏನೂ ಇರ್ಲಿಲ್ಲ ಅಂದ್ರೆ?"

"ಅಂದ್ರೆ ಇರ್ಲಿಲ್ಲ. ನೀನು ರೆಡಿ ಮಾಡಿ ಕೊಟ್ಯಲ್ಲ, ಹಂಗೇ ಇತ್ತು. ಕೇಬಲ್ಲು ಇನ್ನೂ ಪ್ಯಾಕೆಟ್ಟಲ್ಲೇ ಇದೆ, ಬೇಕಾದ್ರೆ ತೋರಿಸ್ತೀನಿ. ಮಗಳ ಫೋಟೋ ಮಗಳ ಹತ್ರ ಇದಾವೆ. ಒಂದಿಷ್ಟು ಹೋದ್ವು. ಹೋದ್ರೆ ಹೋಗ್ಲಿ, ಅವಳೇ ಇದಾಳಲ್ಲ."

ಮೂರ್ಪ್ರತಿ ಕುರ್ಚಿ ಎಳೆದುಕೊಂಡು ಕೂತ. "ತಿಂಗಳು ತಿಂಗಳು ನೀನು ತಗೊಂಡು ಹೋಗ್ತಿದ್ದೆ. ತುಂಬಿಸ್ಕೊಂಡು ಬಂದೆ ಅಂತ ತಂದು ಕೊಡ್ತಿದ್ದೆ."

"ತಗೊಂಡು ಹೋಗ್ತಿದ್ದೆ. ತಂದು ಕೊಡ್ತಿದ್ದೆ. ಅದು ಸುಳ್ಳಲ್ಲ."

"ಖಾಲಿ ಡಬ್ಬಿನ?"

"ಮತ್ತಿನ್ನೇನು ಮಾಡ್ಲಿ?" ಗಡಿಬಿಡಿಯ ಕಾಲು ಬ್ರೇಕಿನಿಂದ ಮೇಲೆದ್ದಿತು. "ಕೈಯಲ್ಲಿ ಡಿಸ್ಕಿಲ್ದೆ ನೀನು ಯಾರ ಮನೆಗಾದ್ರೂ ಹೋಗಿದ್ದು ನಂಗೆ ಗೊತ್ತಿಲ್ಲ. ಸುಮ್ನೆ ಬಾ ಅಂದಿದ್ರೆ ಬರ್ತಿದ್ಯಾ?"

ಕಾಫಿ ಬಂತು. ಮೂರ್ಪ್ರತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎರಡು ವರ್ಷ ತಾನು ಅಂಗೈ ಇಟ್ಟು ಕಾದದ್ದು ಖಾಲಿ ತಟ್ಟೆಯ ತಿರುಗಾಟವನ್ನು. ಅಂಗೈಗೆ ತಾಗುತ್ತಿದ್ದ ಉಸಿರು ಯಾರದೂ ಅಲ್ಲ. ನಗು ಬರಬೇಕಿತ್ತು, ಅಥವಾ ಸಿಟ್ಟು. ಎರಡೂ ಬರಲಿಲ್ಲ.

"ನಂದು ಎಲ್ಲಿದೆ?" ಎಂದ.

ಗಡಿಬಿಡಿ ಸ್ಟೂಲು ಹತ್ತಿ ಬೀರುವಿನ ಮೇಲೆ ಕೈಯಾಡಿಸಿ, ಸೂಟ್‌ಕೇಸಿಗೂ ಕೆಟ್ಟ ಫ್ಯಾನಿಗೂ ಮಧ್ಯದಿಂದ ಒಂದು ಗಂಟನ್ನು ಎಳೆದು ತೆಗೆದ. ಅದೇ ನೀಲಿ ಟವೆಲ್ಲು, ಧೂಳು ಕೂತು ಬೂದು ಬಣ್ಣ. ಅದೇ ಜೋಡಿಗಂಟು. "ನೋಡು, ಬೆರಳು ಕೂಡ ತಾಗಿಸಿಲ್ಲ," ಎಂದ, ಒಂದು ಹೆಮ್ಮೆಯಿಂದ. ಬೆರಳು ತಾಗಿಸದಿದ್ದದ್ದೇ ತೊಂದರೆ, ಅದರ ಮೊಣಕಾಲು ಇಷ್ಟರಲ್ಲಿ ಹಿಡಿದಿರುತ್ತದೆ ಎಂದು ಮೂರ್ಪ್ರತಿಗೆ ಹೇಳಬೇಕೆನಿಸಿತು.

"ತಗೊಂಡು ಹೋಗ್ತೀಯಾ?"

ಸ್ಟೂಲಿನ ಮೇಲಿಂದ ಬಂದ ಆ ಪ್ರಶ್ನೆ ಯಾವ ಥರದ್ದೆಂದು ತಿಳಿಯಲಿಲ್ಲ. ಜಾಗ ಖಾಲಿಯಾದರೆ ಸಾಕು ಅನ್ನುವ ಥರವೋ, ಬೇಡ ಅನ್ನಲಿ ಅನ್ನುವ ಥರವೋ.

"ಅಲ್ಲೇ ಇರ್ಲಿ," ಎಂದ ಮೂರ್ಪ್ರತಿ.

"ಸರಿ," ಎಂದು ಗಡಿಬಿಡಿ ಅದನ್ನು ಮತ್ತೆ ಸೂಟ್‌ಕೇಸಿನ ಹಿಂದಕ್ಕೆ ತಳ್ಳಿದ.

ಮೇಜಿನ ಮೇಲಿದ್ದ ಡಿಸ್ಕನ್ನು ಮೂರ್ಪ್ರತಿ ಎತ್ತಿಕೊಂಡ. "ಇದರಲ್ಲಿ ಈಗ ನಂದು ತುಂಬಿದೆ. ತೆಗೆದು, ಹೆಂಗಿತ್ತೋ ಹಂಗೆ ತಂದು ಕೊಡ್ತೀನಿ."

"ಖಾಲಿ ಡಬ್ಬಿನ ಖಾಲಿ ಮಾಡಿ ಕೊಡ್ತಾನಂತೆ, ಕೇಳಿಸ್ತೇನೇ?" ಗಡಿಬಿಡಿ ಜೋರಾಗಿ ನಕ್ಕ. ಒಳಗಿನಿಂದ ಅತ್ತಿಗೆಯ ನಗುವೂ ಕೇಳಿಸಿತು. ಮೂರ್ಪ್ರತಿ ನಗಲಿಲ್ಲ. ಎರಡು ವರ್ಷದ ಹಿಂದೆ ನಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗ ಹೊಳೆಯಿತು. ಯಾಕೋ ನಗ್ತಿಲ್ಲ ಎಂದಾದರೂ ಕೇಳುತ್ತಿದ್ದರು.

ಬಾಗಿಲಿನಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಭಾನುವಾರ ಬರ್ಲಾ?" ಎಂದು ಕೇಳಿದ.

"ಬಾ. ಬರೋದಕ್ಕೇನು. ಆದ್ರೆ ಮಗಳ ಮನೆಗೆ ಹೋದ್ರೂ ಹೋದ್ವಿ. ಫೋನ್ ಮಾಡು."

ಮನೆಗೆ ಬಂದು ಮೊದಲು ಪ್ರೋಗ್ರಾಂನ ಆ ಅನುಕೂಲವನ್ನು ತೆಗೆದುಹಾಕಿದ. ಆಮೇಲೆ ಡಿಸ್ಕಿನ ಹೆಸರು ಬದಲಿಸಿ 'ಗಡಿಬಿಡಿ' ಎಂದು ಬರೆದ. ತುಂಬಿದ್ದನ್ನು ಅಳಿಸಲು ಹೋದಾಗ, ಖಂಡಿತವಾಗಿ ಅಳಿಸಬೇಕೆ ಎಂದು ಕಂಪ್ಯೂಟರು ಕೇಳಿತು. ಈ ಮನೆಯಲ್ಲಿ ಅವನನ್ನು ಏನಾದರೂ ಕೇಳುವುದು ಅದೊಂದೇ. ಹೌದು ಎಂದ. ಅವನ ಮೆಟ್ಟಿಲುಗಳು, ಬೆಂಚುಗಳು, ಪಡಸಾಲೆಗಳು ಸಾಲುಸಾಲಾಗಿ ಮಾಯವಾದವು. ಅವುಗಳಲ್ಲಿ ಎದ್ದು ಹೋಗಬೇಕಾದವರು ಯಾರೂ ಇರಲಿಲ್ಲವಾದ್ದರಿಂದ, ಹೋದದ್ದು ಗೊತ್ತೂ ಆಗಲಿಲ್ಲ. ಡಿಸ್ಕು ಮಾತ್ರ ಮೊದಲಿನ ಹಾಗೆಯೇ ಗುಂಯ್ ಎನ್ನುತ್ತಿತ್ತು. ಖಾಲಿ ಎಂದು ಈಗ ಗೊತ್ತಿದ್ದೂ ಸ್ವಲ್ಪ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡ.

ವಾರವಿಡೀ ಫೋನು ಮಾಡಬೇಕೆಂದುಕೊಂಡ. ಮಾಡಲಿಲ್ಲ. ಮಾಡಿದರೆ, ಊರಲ್ಲಿರೋದಿಲ್ಲ ಎಂದುಬಿಟ್ಟರೆ, ಆಮೇಲೆ ಹೋಗುವ ಹಾಗಿರುವುದಿಲ್ಲ.

ಭಾನುವಾರ ಬೆಳಗ್ಗೆ ಬೇರೊಂದು ಟವೆಲ್ಲು ಹುಡುಕಿ ಡಿಸ್ಕನ್ನು ಸುತ್ತಿ ಜೋಡಿಗಂಟು ಹಾಕಿದ. ಕ್ಯಾಮೆರಾ ತೆಗೆದುಕೊಳ್ಳಲಿಲ್ಲ. ಒಂದೂ ಫೋಟೋ ಇಲ್ಲದ ಡಬ್ಬಿಯನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಹೆಂಗಸು, ಒಡೆಯೋ ಸಾಮಾನಾ ಎಂದು ಕೇಳಿದಳು. ಹೌದು ಎಂದ.

ಗಡಿಬಿಡಿಯ ಮನೆಯ ಮುಂದೆ ಕಾರು ಇರಲಿಲ್ಲ. ಬಾಗಿಲ ಹೊರಗೆ ಅತ್ತಿಗೆಯ ಚಪ್ಪಲಿಯೂ ಇರಲಿಲ್ಲ. ಬೆಲ್ಲು ಒತ್ತಿದ, ಒಳಗೆ ಅದು ಬಡಿದುಕೊಂಡದ್ದು ಕೇಳಿಸಿತು. ಇನ್ನೊಮ್ಮೆ ಒತ್ತಿದ. ಮಗಳ ಮನೆಗೇ ಹೋಗಿರಬೇಕು. ಸಂಜೆಗೆ ಬಂದರೂ ಬಂದರು, ಇಲ್ಲದಿದ್ದರೆ ಇಲ್ಲ.

ಬಂದ ದಾರಿ ಹಿಡಿಯಬಹುದಿತ್ತು. ಅವನು ಮೆಟ್ಟಿಲ ಮೇಲೆ ಕೂತ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ಬಿಸಿಲು ಗೋಡೆಯಿಂದ ಇಳಿದು ಮೊದಲ ಮೆಟ್ಟಿಲಿಗೆ ಬಂದಿತ್ತು. ಅಭ್ಯಾಸಬಲ, ರಸ್ತೆಯ ಆಚೆಯಿಂದ ನೋಡಿದಂತೆ ಕಣ್ಣು ತಾನಾಗಿ ಚೌಕಟ್ಟು ಹಾಕಿತು: ಮುಚ್ಚಿದ ಬಾಗಿಲು, ಸುಣ್ಣ ಎದ್ದ ಗೋಡೆ, ಓರೆಯಾಗಿ ಬಿದ್ದ ಬೆಳಕು, ನಾಲ್ಕು ಮೆಟ್ಟಿಲು. ಒಳ್ಳೆಯ ಚಿತ್ರ. ಆದರೆ ನಟ್ಟನಡುವೆ ಒಬ್ಬ ಮನುಷ್ಯ ಗಂಟು ಹಿಡಿದು ಅಡ್ಡ ಕೂತಿದ್ದ. ಅವನು ಎದ್ದು ಹೋಗಲಿ ಎಂದು ಕಾಯುವವರು ಅಲ್ಲಿ ಯಾರೂ ಇರಲಿಲ್ಲ.